ನೀಲವ್ವನ ರಗ್ಬಿ ಬಂಗಾರ

ಒಲಿಂಪಿಕ್ಸ್‌ನಲ್ಲಿ ಬಂಗಾರ ಗೆದ್ದವರು, ಅದೇ ಆಟದಲ್ಲಿ ಇನ್ನೊಬ್ಬರು ಗೆಲ್ಲುವ ತನಕ ಸಾಯುವುದಿಲ್ಲ. ನೀಲವ್ವನ ತಂಡ ಗೆದ್ದ ಮೇಲೆ ಒಲಿಂಪಿಕ್ಸ್‌ನಿಂದ ರಗ್ಬಿಯನ್ನೇ ಕೈಬಿಟ್ಟರು.

ಅದಾಗಿ ನೂರು ವರ್ಷ ದಾಟಿತು. ಮಕ್ಕಳೆಲ್ಲ ಮಣ್ಣಾದರು. ಫೈನಲ್‌ನಲ್ಲಿ ಮುರಿದ ಭುಜ ಮಾತ್ರ ಇನ್ನೂ ನೋಯುತ್ತದೆ. ಮುಟ್ಟಿದರೆ ಚರ್ಮ ಸುಲಿದು ಬರುತ್ತದೆಂದು ಮನೆಯವರು ಆಕೆಯನ್ನು ಅರಳೆಯಲ್ಲಿ ಸುತ್ತಿ ಮಲಗಿಸಿದ್ದಾರೆ.

ಇವತ್ತು ಮರಿಮೊಮ್ಮಗಳು ರತ್ನಿ ಒಲಿಂಪಿಕ್ಸ್ ಕುಸ್ತಿಯಲ್ಲಿ ಗೆದ್ದು ಧಾರವಾಡಕ್ಕೆ ಬಂದಳು. ಓಣಿ ತುಂಬ ಪಟಾಕಿ. ಅವಳು ಓಡಿ ಬಂದು ಪದಕವನ್ನು ಮುದುಕಿಯ ಅಂಗೈಯಲ್ಲಿಟ್ಟಳು.

"ನೋಡ್ ಆಯಿ, ನಂದೂ ಬಂಗಾರ!"

ನೀಲವ್ವ ಪದಕ ಸವರಲಿಲ್ಲ. "ಮುಂದಿನ ಸಲ ಕುಸ್ತಿ ಐತೇನವ್ವ?"

ರತ್ನಿಯ ನಗು ಆರಿತು. "ಇಲ್ಲ ಆಯಿ. ಅದನ್ನೂ ನಿನ್ನೆ ತಗದಾರಂತ."

ಎಷ್ಟೋ ವರ್ಷಗಳ ಮೇಲೆ ನೀಲವ್ವ ತಾನಾಗಿ ಅಲುಗಾಡಿದಳು. ನರಳುತ್ತ ಗೋಡೆಯತ್ತ ಸರಿದು, ಹಾಸಿಗೆಯಲ್ಲಿ ಪಕ್ಕಕ್ಕೆ ಜಾಗ ಮಾಡಿಕೊಟ್ಟಳು.