ಹನ್ನೆರಡನೆಯ ಸೊಳ್ಳೆ

೨೦೭೪ರ ಮೇ ೧೪, ಬೆಳಿಗ್ಗೆ ೭.೪೦. ಅಕ್ಯುಪಂಕ್ಚರ್ ಕೇಂದ್ರದ ವೈದ್ಯೆ ಸೆವ್ರಿನ್ ಬಾಯಿ, ಡಬ್ಬಿಯಿಂದ ಒಂದು ಸೊಳ್ಳೆ ತೆಗೆದು, ಬಂದರಿನ ಕ್ರೇನ್ ಚಾಲಕಿ ಕುಸುಮಾ ಸಾಲಿಯಾನಳ ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲೆ ಕೂರಿಸಿದರು. ಅದು ಚಿಕಿತ್ಸೆಗೆಂದೇ ಬೆಳೆಸಿದ, ಮೂತಿಯ ಸೂಜಿ ಚುಚ್ಚಿ ಅರ್ಧ ಗಂಟೆ ಅಲುಗದೆ ಕೂರುವ ತಳಿ. ರೋಗಿಯ ಕೈ ಸುಮ್ಮನಿರದೆಂದು, ಸುಲಿಯಲು ಒಂದು ಬೋಗುಣಿ ಹಲಸಿನ ಬೀಜವನ್ನೂ ಕೊಟ್ಟರು. ನಾಲ್ಕನೆಯ ವಾರ ಬರಿಗೈಯಲ್ಲಿ ಕುಳಿತಿದ್ದ ಕುಸುಮಾ ಸೊಳ್ಳೆಯನ್ನು ಒಂದೇ ಏಟಿಗೆ ಚಪ್ಪಟೆ ಮಾಡಿದ್ದಳು.

ಪದೇ ಪದೇ ಮೂತ್ರ ಬರುವುದಕ್ಕೆ ವಾರಕ್ಕೊಂದು ಸೊಳ್ಳೆಯ ಚಿಕಿತ್ಸೆ; ಇದು ಹನ್ನೆರಡನೆಯ, ಕೊನೆಯ ವಾರ. ಕ್ರೇನಿನ ಕ್ಯಾಬಿನ್ ನಲವತ್ತು ಮೀಟರ್ ಎತ್ತರದಲ್ಲಿತ್ತು. ಮೂರು ಗಂಟೆಯ ಪಾಳಿಯಲ್ಲಿ ಅವಳು ಮೂತ್ರಕ್ಕೆಂದು ಎರಡು ಸಲ ಇಳಿಯುತ್ತಿದ್ದಳು. ಇವತ್ತೂ ನಡುವೆ ಇಳಿದರೆ ನಾಳೆಯಿಂದ ಗೇಟಿನಲ್ಲಿ ಲಾರಿ ಎಣಿಸುವ ಕೆಲಸ.

ಇಪ್ಪತ್ತೈದನೆಯ ನಿಮಿಷಕ್ಕೆ ಚರಂಡಿಯ ಮಾಮೂಲಿ ಸೊಳ್ಳೆಯೊಂದು ಒಳಬಂದು ಅವಳ ಕೆನ್ನೆಯ ಮೇಲೆ ಕುಳಿತಿತು. ಕೈ ತಾನಾಗಿ ಮೇಲೆದ್ದಿತು.

"ಹೊಡೀಬೇಡ ಮಾರಾಯ್ತಿ! ಕಾಲಿನದ್ದು ಹೆದರಿ ಹಾರ್ತದೆ. ಇನ್ನು ಐದೇ ನಿಮಿಷ."

"ಬಾಯಮ್ಮ, ಇದು ರಕ್ತ ಕುಡೀತಾ ಉಂಟು!"

"ಕುಡೀಲಿ ಬಿಡು. ನಿಂಗೆ ಕ್ರೇನ್ ಬೇಕಾ, ಕೆನ್ನೆ ಬೇಕಾ?"

ಕುಸುಮಾ ಹಲ್ಲು ಕಚ್ಚಿ ಬೀಜ ಸುಲಿದಳು. ಸೊಳ್ಳೆ ಹೊಟ್ಟೆ ತುಂಬಾ ಕುಡಿದು ನಿಧಾನವಾಗಿ ಹಾರಿಹೋಯಿತು.

ಒಂಬತ್ತಕ್ಕೆ ಅವಳು ಊದಿದ ಕೆನ್ನೆಯೊಂದಿಗೆ ಕ್ಯಾಬಿನ್ ಹತ್ತಿದಳು. ಹತ್ತೂವರೆಗೆ ಮೇಸ್ತ್ರಿ ಜಬ್ಬಾರ್ ಕೆಳಗಿನಿಂದ ರೇಡಿಯೋದಲ್ಲಿ ಕೇಳಿದ: "ಅಕ್ಕಾ, ಏಣಿ ಖಾಲಿ ಉಂಟು. ಇಳೀತೀರಾ?"

"ನೀನೇ ಹತ್ತಿ ಇಳಿ ಮಾರಾಯ, ಹೊಟ್ಟೆಯಾದ್ರೂ ಕರಗ್ತದೆ. ಮುಂದಿನ ಕಂಟೇನರ್ ಕಳ್ಸು."

ಪಾಳಿ ಮುಗಿಸಿ ಇಳಿದವಳಿಗೆ ಜಬ್ಬಾರ್ ನಗುತ್ತಾ ದಾಖಲೆ ತೋರಿಸಿದ. ಇಳಿಯದೆ ಮೇಲಿದ್ದ ಅವಧಿ: ಮೂರು ಗಂಟೆ ಆರು ನಿಮಿಷ.