ತಣ್ಣಗೆ ಆರಿದ ಎಣ್ಣೆ

ಅಪ್ಪ ನನ್ನ ಮಾತು ಕೇಳಲಿಲ್ಲ, ಮುಖ ಸುಟ್ಟುಕೊಂಡ, ನಡೆದದ್ದು ಅಷ್ಟೇ. ಈಗಲೂ ಮೊಮ್ಮಗ ಟ್ರ್ಯಾಕ್ಟರಿಗೆ ಡೀಸೆಲ್ ಸುರಿದರೆ ಆ ವಾಸನೆಗೆ ನಾನು ಎದ್ದು ಒಳಗೆ ಹೋಗುತ್ತೇನೆ.

ನಾನು ಚಿಕ್ಕವಳಿದ್ದಾಗ, ನಮ್ಮೂರು ದುಂಡಸಿಯ ಹೊಲದಲ್ಲಿ ನೀರೆತ್ತುವ ಎಂಜಿನ್ ಥಂಡಿಗೆ ಚಾಲೂ ಆಗದಿದ್ದರೆ, ಅಪ್ಪ ಅರಿವೆಗೆ ಡೀಸೆಲ್ ಹನಿಸಿ, ಹಚ್ಚಿ, ಎಂಜಿನ್ ಗಾಳಿ ಎಳೆಯುವ ಬಾಯಿಗೆ ಹಿಡಿಯುತ್ತಿದ್ದ. ಅಂದು ಡೀಸೆಲ್ ಡಬ್ಬಿ ಹಿಡಿದವಳು ನಾನು. ಬೆರಳಿಗೆ ತಾಗಿದ್ದು ಡೀಸೆಲ್‌ನಂತೆ ಜಿಡ್ಡಾಗದೆ ತಣ್ಣಗೆ ಆರಿಹೋಯಿತು. ಅಷ್ಟರಲ್ಲಿ ಅಪ್ಪ ಅರಿವೆ ನೆನೆಸಿಕೊಂಡು ಕಡ್ಡಿಪೆಟ್ಟಿಗೆ ತೆಗೆದಿದ್ದ.

“ಅಪ್ಪಾ, ಕಡ್ಡಿ ಕೊರೀಬ್ಯಾಡ, ಇದು ಡೀಸೆಲ್ ಅಲ್ಲ!”

“ಡೀಸೆಲ್ ಡಬ್ಬ್ಯಾಗ ಮತ್ತೇನ ಮಜ್ಜಿಗಿ ಇರತೈತೇನ, ಹುಚ್ಚಿ?”

ಅರಿವೆ ಭಗ್ಗೆಂದು ಹೊತ್ತಿತು. ಅಪ್ಪನ ಹುಬ್ಬು, ಮೀಸೆ ಹೋದವು. ಕಾಕಾ ತನ್ನ ಬೈಕಿನ ಪೆಟ್ರೋಲನ್ನು ಅದೇ ಡಬ್ಬಿಯಲ್ಲಿ ತಂದಿಟ್ಟಿದ್ದ; ಡಬ್ಬಿ ಇನ್ನೂ ನನ್ನ ಕೈಯಲ್ಲಿತ್ತು.

“ಮೀಸಿ ಮತ್ತ ಬರತೈತಿ, ಅಳಬ್ಯಾಡ” ಎನ್ನುತ್ತ ಅಪ್ಪ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡ.

ಮರುದಿನ ಮುಂಜಾನೆ ಮನೆಯ ಕಡ್ಡಿಪೆಟ್ಟಿಗೆಗಳನ್ನೆಲ್ಲ ಒಯ್ದು ಬಾವಿಗೆ ಹಾಕಿದೆ.