ಇಲಿವಾರದ ಎಡೆ

“ಈ ಸಲ ಎಡಿ ನೀನ ಇಡು,” ಎಂದು ಚನ್ನವ್ವ ಕಡಬಿನ ತಟ್ಟೆ ಚಾಚಿದರೆ ಮೊಮ್ಮಗಳು ಮಧು ಬೆಂಕಿ ಕಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು.

ಗಣಪತಿ ಕೂತ ಮರುದಿನ ಇಲಿವಾರ. ರಾಮದುರ್ಗದ ಆ ನೇಕಾರರ ಓಣಿಯಲ್ಲಿ ಅವತ್ತು ಮಗ್ಗ ಸದ್ದು ಮಾಡುವುದಿಲ್ಲ, ಕತ್ತರಿ ಬಾಯಿ ತೆರೆಯುವುದಿಲ್ಲ. ವರ್ಷವಿಡೀ ನೂಲು ಕಡಿಯಬೇಡಪ್ಪ ಎಂದು ಇಲಿಗೆ ಎಡೆಯಿಟ್ಟು ಕೈಮುಗಿಯುತ್ತಾರೆ. ಮನೆಯಲ್ಲಿ ಬೆಕ್ಕು ಸಾಕಿದವರೂ ಕೈಮುಗಿಯುತ್ತಾರೆ. ಯಾರನ್ನೂ ಎದುರು ಹಾಕಿಕೊಳ್ಳಬಾರದು ನೋಡಿ!

“ನನ್ನ ಕೈಲೆ ಬ್ಯಾಡ ಆಯಿ. ಲ್ಯಾಬಿನ್ಯಾಗ ನಾ ಕೆಲಸ ಮಾಡೂದು ಇಲಿ ಮ್ಯಾಲ.”

“ಏನ್ ಮಾಡ್ತಿ ಅವಕ್ಕ?”

ಹೊರ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಧು ಇಷ್ಟು ದಿನ ‘ರಕ್ತ ಪರೀಕ್ಷೆ’ ಎಂದು ಹೇಳಿ ಜಾರಿಕೊಂಡಿದ್ದಳು. ಆಯಿ ಒಮ್ಮೆ ‘ಪಾಪಿ’ ಅಂದರೆ ಆ ಕೆಲಸಕ್ಕೆ ತಿರುಗಿ ಹೋಗುವ ಧೈರ್ಯ ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತು.

“ನಿನಗ ಕ್ಯಾನ್ಸರಿಗೆ ಕರೆಂಟ್ ಇಟ್ಟಿದ್ರಲ್ಲಾ, ಅಂಥಾ ಕಿರಣ ಬಿಡ್ತೇವಿ. ಕಿಡ್ನಿ ಮ್ಯಾಲ ಅಡ್ರಿನಲ್ ಅಂತ ಒಂದು ಗ್ರಂಥಿ ಐತಿ. ಮೈ ನೊಂದಾಗ ತಡಕೊಳ್ಳಾಕ ಅದು ಹಾರ್ಮೋನ್ ಬಿಡತೈತಿ. ಕಿರಣ ಬಿದ್ದ ಮ್ಯಾಲ ಅದು ಹೆಚ್ಚಾಗತೈತೋ ಕಡಿಮಿ ಆಗತೈತೋ ನೋಡೂದು. ಆಮ್ಯಾಲ...” ಮಧು ತಟ್ಟೆಯಿಂದ ಕಣ್ಣು ತೆಗೆದಳು. “ಆಮ್ಯಾಲ ಸೂಜಿ ಹಾಕತೇವಿ, ಅವನ್ನ ಉಳಸೂದಿಲ್ಲ. ನಾಡದ್ದು ಮತ್ತೊಂದಿಷ್ಟು ಅದಾವ.”

ಚನ್ನವ್ವ ತಟ್ಟೆ ಹಿಡಿದುಕೊಂಡೇ ಮಗ್ಗದ ಕಟ್ಟೆಗೆ ಕೂತಳು. “ಯಾಕ ಬೇಕಿತ್ತವ್ವಾ ನಿನಗಿದು?”

“ಕರೆಂಟ್ ಮುಗಿಸಿ ಬಂದು ನೀ ಕೌದಿ ಹೊತ್ತು ಮಲಗಿಬಿಟ್ಟಿದ್ದಿ. ಮೈಯಾಗ ಕಸುವ ಇಲ್ಲ ಅಂತಿದ್ದಿ. ಯಾಕಂತ ಯಾ ಡಾಕ್ಟರೂ ಬಿಡಿಸಿ ಹೇಳಲಿಲ್ಲ. ನಾನ ಹುಡುಕತೇನಿ ಅಂತ ಹೋದೆ.”

ಮುದುಕಿಯ ಕಣ್ಣು ತುಂಬಿತು. ಈ ಹುಚ್ಚು ಹುಡುಗಿ ತನಗಾಗಿ ಇಷ್ಟು ದೂರ ಹೋಗಿದ್ದಾಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. ಮಧು ಬೈಗುಳಕ್ಕೆ ತಲೆಯೊಡ್ಡಿ ನಿಂತಳು.

“ಕರೆಂಟ್ ಇಟ್ಟ ಮ್ಯಾಲ ಅವೂ ಮೂಲಿ ಹಿಡಿದು ಮಲಗತಾವೇನು?”

“ಹೂಂ ಆಯಿ.”

“ಮಗ್ಗಲದಾಗ ಯಾರ ಇರತಾರ?”

“ಯಾರೂ ಇಲ್ಲ.”

ಚನ್ನವ್ವ ಮೊಮ್ಮಗಳ ಕೈ ಎಳೆದು ಅದರಲ್ಲಿ ತಟ್ಟೆ ಇಟ್ಟಳು. ಆ ಕೈ ಬಿಡಲಿಲ್ಲ.

“ನಾಡದ್ದು ಹೋಗಿ ಮೊದಲ ಅವುಗಳ ಮಗ್ಗಲಕ ಕುಂದರು. ನನ್ನ ಮಗ್ಗಲಕ ಕುಂತಿದ್ದಿಯಲ್ಲಾ, ಹಂಗ. ಆಮ್ಯಾಲ ಸೂಜಿ ಮುಟ್ಟು.”